ಗಿರಣಿ ನೆಲದ ಕಾಳು

ಕರೆಂಟು ಹೋದ ಗಳಿಗಿಗೆ
ಬೆಲ್ಟು ಬಡಕೊಳ್ಳೋದು ನಿಂತು
ಕಿವಿಯೊಳಗ ಒಂದು ದೊಡ್ಡ ಬಯಲು ತೆರಕೋತೈತಿ.
ಆಗ ಕೇಳಸ್ತಾವ ಅವು.
ಇಷ್ಟೊತ್ತೂ ಇದ್ದವೋ, ಇಲ್ಲಾ ಈಗ ಬಂದವೋ,
ಹನ್ನೆರಡು ವರ್ಷಾತು, ನನಗ ತಿಳಿದಿಲ್ಲ.
ತಾಳಿಕೋಟಿಯೊಳಗ ತ್ರೀ ಫೇಸು ಯಾವಾಗ ಹೋಗ್ತೈತಿ ಅಂತ
ಲೈನ್‌ಮನ್‌ಗಿಂತ ಮೊದಲ ಗುಬ್ಬಿಗೆ ಗೊತ್ತು.

ಕಸಬರಗಿ ಹಿಡದು ಕೂಡಿಸ್ತೀನಿ:
ಹಾಪರಿನ ಬಾಯಿಂದ ಸಿಡಿದದ್ದು,
ಡಬ್ಬಿ ಸುರುವುವಾಗ ಅಂಚು ದಾಟಿದ್ದು,
ಹುಡುಗೂರು ಚೀಲ ಎಳಕೊಂಡು ಬರುವಾಗ ತೂತಿನಿಂದ ಉದುರಿದ್ದು.
ಬಿಳಿಜೋಳ, ಸಜ್ಜಿ, ಗೋದಿ, ಅಲ್ಲಲ್ಲಿ ಒಂದು ಕಡ್ಲಿ.
ಗೌಡರ ವಾಡೇದ್ದು ಯಾವುದು, ತಾಂಡೇದ್ದು ಯಾವುದು,
ಕಸಬರಗಿ ಕೇಳೋದಿಲ್ಲ.
ಡೋಣಿ ಹರದ ವರ್ಷ ಒಂದು ಮರ ತುಂಬ,
ಹರಿಯದ ವರ್ಷ ಅಂಗೈಯಗಲ.

ಕೇರಿ, ಹಳ್ಳು ಆರಿಸಿ
ಹಿತ್ತಲದ ನುಗ್ಗಿ ಗಿಡದ ಬುಡಕ್ಕ ಒಯ್ತೀನಿ.
ಅಲ್ಲಿ ನಮ್ಮತ್ತಿಯ ಬೀಸೋ ಕಲ್ಲು ಅಂಗಾತ ಮಲಗೈತಿ.
ಗಿರಣಿ ಬಂದ ಮ್ಯಾಲ ಅದಕ್ಕ ಕೆಲಸ ಇದ್ದಿಲ್ಲ.
ಈಗ ಅದರ ಎದಿ ಮ್ಯಾಲ ಕಾಳು,
ಮಗ್ಗಲದ ಒಳ್ಳಿನ ಗುಳಿಯೊಳಗ ನೀರು.

ಮೊದಲು ಗುಬ್ಬಿ. ಆಮ್ಯಾಲ ಬೆಳವ, ಜೋಡೀಲೆ,
ಬೀಗರ ಮನಿಗೆ ಬಂದವರಂಗ ದೂರ ನಿಂತು,
ಕರದರ ಅಷ್ಟ ಮುಂದ.
ಗೊರವಂಕದ್ದು ಮಾತ್ರ ಬಾಕಿ ವಸೂಲಿಗೆ ಬಂದವರ ನಡಿಗಿ.
ಇಣಚಿ ಹಕ್ಕಿ ಅಲ್ಲ. ಅದಕ್ಕ ಇದನ್ನ ಹೇಳೋರು ಯಾರು?

ಹೊಸ್ತಿಲ ಮ್ಯಾಲ ಕೂಡ್ತೀನಿ,
ರೆಪ್ಪಿ, ಹುಬ್ಬು, ಸೆರಗು ಎಲ್ಲಾ ಹಿಟ್ಟು.
ನನ್ನ ನೋಡಿ ಅಂಜೋದಿಲ್ಲ ಅವು,
ಗೋಡಿ ಅಂತ ತಿಳದಿರಬೇಕು, ಹೊಸದಾಗಿ ಸುಣ್ಣ ಹಚ್ಚಿದ್ದು.

ಬೋರಮ್ಮ ಒಂದಿನ ಡಬ್ಬಿಯೊಳಗ ಮುಖ ಹಾಕಿ,
"ಐದು ಸೇರು ತಂದಿದ್ದೆ, ದಾವಲಬಿ.
ಇದು ಐದು ಸೇರಿನ ಹಿಟ್ಟಲ್ಲ."
ಗಿರಣಿಯವರಿಗೆ ಈ ಮಾತು ಹೊಸದಲ್ಲ.
ಕಲ್ಲು ತಿಂತೈತಿ, ಗಾಳಿ ತಿಂತೈತಿ ಅಂತ ಹೇಳಿ ಕಳಸ್ತೀವಿ.
ಅವತ್ತು ಯಾಕೋ ಕೈ ಹಿಡದು ಹಿತ್ತಲಕ್ಕ ಕರಕೊಂಡು ಹೋದೆ:
"ಉಳದದ್ದು ಇಲ್ಲೈತಿ. ಇಸಗೋ."
ಬೆಳವ ಒಂದು ಕಣ್ಣಿಲೆ ಆಕಿನ್ನ ನೋಡಿತು.
ಬೋರಮ್ಮ ಸೊಂಟದ ಮ್ಯಾಲ ಕೈ ಇಟ್ಟು ಬಾಳ ಹೊತ್ತು ನಿಂತು
"ದಪ್ಪ ಆಗ್ಯಾವ ಬಿಡು" ಅಂದು
ಡಬ್ಬಿ ಹೊತ್ಕೊಂಡು ಹೋದಳು.
ಬೀಸಿದ ರೊಕ್ಕದಾಗ ಎರಡು ರೂಪಾಯಿ ಕಮ್ಮಿ ಕೊಟ್ಟಿದ್ದಳು,
ಆಮ್ಯಾಲ ಎಣಿಸಿದೆ.

ನನಗೊಂದು ಹೆಮ್ಮಿ ಇತ್ತು, ಸುಳ್ಳು ಹೇಳಬಾರದು.
ಓಣಿಯೊಳಗ ಅಂತಿದ್ದರು: ದಾವಲಬೀದು ದೊಡ್ಡ ಕೈ.
ಕೇಳಿದಾಗೆಲ್ಲ ಸೆರಗು ಸರಿ ಮಾಡಕೋತಿದ್ದೆ.

ಶ್ರಾವಣದಾಗ ಮೋಟರು ಸುಟ್ಟಿತು.
ಮೌಲಾಲಿ ಮಿಸ್ತ್ರಿ ಬಿಚ್ಚಿ, ಮೂಸಿ,
ವೈಂಡಿಂಗಿಗೆ ಅಂತ ಬಿಜಾಪುರಕ್ಕ ಕಳಿಸಿದ.
ಹನ್ನೊಂದು ದಿನ ಗಿರಣಿ ಬಾಗಿಲು ಹಾಕಿತ್ತು.
ನೆಲ ಸ್ವಚ್ಛ. ಕಸಬರಗಿಗೆ ಏನೂ ಸಿಗಲಿಲ್ಲ,
ಒಂದು ಜೇಡನ ಕಾಲಿನ ಹೊರತು.
ಎರಡನೇ ದಿನ ಗುಬ್ಬಿ ಬಂದು
ಬರಿಗಲ್ಲು ಕುಟುಕಿತು.
ಟಕ್. ಟಕ್.
ನನ್ನ ಕಡೆ ತಿರುಗಲಿಲ್ಲ, ಬೈಯಲಿಲ್ಲ.
ಕುಟುಕಿತು, ಅಷ್ಟ.

ಒಳಗ ನಮ್ಮ ಚೀಲ ಇತ್ತು,
ಮುಂದಿನ ಸುಗ್ಗೀತನಕ ರೊಟ್ಟಿಗೆ ಅಂತ
ಅಳದು, ಬೇವಿನೆಲಿ ಹಾಕಿ, ಬಾಯಿ ಹೊಲದು ಇಟ್ಟದ್ದು.
ದಾರ ಬಿಚ್ಚುವಾಗ ಕೈ ಒಂದು ಗಳಿಗಿ ತಡೀತು.
ಆ ತಡದದ್ದನ್ನ ಯಾರೂ ನೋಡಿಲ್ಲ, ನಾ ನೋಡೀನಿ.
ಹನ್ನೆರಡು ವರ್ಷ ಹಾಕಿದ್ದು ಊರಿನ ಕಾಳು,
ಹೆಸರು ನನ್ನದು.

ಒಂದು ಪಾವು ತಗೊಂಡೆ. ಅರ್ಧ ವಾಪಸ್ ಹಾಕಿದೆ.
ಮತ್ತ ತಗೊಂಡೆ.

ಬೆಳವ ದೂರ ನಿಂತು, ಆಮ್ಯಾಲ ಮುಂದ ಬಂದವು.
ಗೊರವಂಕ ವಸೂಲಿಗೆ ಬಂತು.
ರುಚಿ ಬ್ಯಾರೆ ಐತೇನು ಅಂತ ಕೇಳಬೇಕಂದೆ.
ತಿಂತಿದ್ದವು.