ಮೂರನೇ ಕಾಲ

ಅಪ್ಪನಿಗೆ ಮೂವತ್ತೆಂಟು ಅಂದರು.
ವಯಸ್ಸಲ್ಲ.
ನಿಮಿಷಕ್ಕೆ ಎದೆ ಹಾಕುವ ಪೆಟ್ಟು.

ಹಾಸನದ ದೊಡ್ಡಾಸ್ಪತ್ರೆ, ಎರಡನೇ ಮಹಡಿ.
ಪರದೆಯ ಮೇಲೊಂದು ಹಸಿರು ಗೆರೆ
ಏಳುತ್ತದೆ, ಬೀಳುತ್ತದೆ, ಆಮೇಲೆ
ಮಟ್ಟಸವಾಗಿ ಹೋಗುತ್ತಲೇ ಇರುತ್ತದೆ
ಅರಸೀಕೆರೆ ಬಿಟ್ಟ ಗೂಡ್ಸು ಗಾಡಿಯ ಹಾಗೆ,
ಮುಂದಿನ ಸ್ಟೇಷನ್ನು ಇದೆಯೋ ಇಲ್ಲವೋ.

'ಡೋಲು ಚೆಲುವಯ್ಯನ ಕಡೆಯವರು ಯಾರ್ರೀ?'
ನಾನು, ಅಂತ ಎದ್ದೆ. ಹೊಟ್ಟೆ ಮೊದಲು ಎದ್ದಿತು.

'ವಿಲಂಬ ಕಣವ್ವ' ಅಂದ ಮಲಗಿದ್ದಲ್ಲೇ.
'ಇಷ್ಟು ವಿಲಂಬ ನಾನು ಯಾವ ಕಚೇರಿಯಲ್ಲೂ ಹಿಡಿದವನಲ್ಲ.'

ನಲವತ್ತು ವರ್ಷ ಡೋಲು ಹೊತ್ತ ಭುಜ.
ಪಟ್ಟಿ ಕೂತ ಜಾಗ ಇನ್ನೂ ಕಪ್ಪಗೆ.
ಎಂಟು ವರ್ಷದವಳನ್ನು ಪಕ್ಕ ಕೂರಿಸಿಕೊಂಡು
ಕೈಗೆ ತಾಳ ಕೊಟ್ಟು ಹೇಳಿದ್ದ:
'ತಾಳ ಅಂದರೆ ತಾಳು ಅಂತ.
ನಾನು ಓಡಿದರೂ ನೀನು ಓಡಬೇಡ.'

ಓಡಿದೆ.
ಜಾವಗಲ್ಲಿನ ಒಂದು ಮದುವೆ.
'ಗಟ್ಟಿಮೇಳ! ಗಟ್ಟಿಮೇಳ!' ಅಂತ ಪುರೋಹಿತರು ಕೂಗಿದ್ದೇ
ಚೌಡಪ್ಪ ಮಾವನ ಕೆನ್ನೆ ಉಬ್ಬಿತು,
ಅಕ್ಕಿ ಹಾರಿತು, ಎಲ್ಲರೂ ತಾಳಿ ನೋಡುತ್ತಿದ್ದರು.
ನಾನು ಕೂತಲ್ಲಿಗೆ ಕಾಣುತ್ತಿದ್ದದ್ದು
ಹುಡುಗಿಯ ಕತ್ತಿನ ನರ ಒಂದೇ.
ಹೇಗೆ ಹಾರುತ್ತಿತ್ತು ಅದು,
ಬಲೆಯೊಳಗಿನ ಮೀನು.
ಗೊತ್ತಿಲ್ಲದೆ ಅದರ ಹಿಂದೆ ಹೋಯಿತು ನನ್ನ ಕೈ.
ಅಪ್ಪ ಒಂದು ಆವರ್ತ ನನ್ನನ್ನು ದುರುಗುಟ್ಟಿ ನೋಡಿದ.
ಮರು ಆವರ್ತಕ್ಕೆ ತಾನೂ ಬಂದ.

ಕೊನೇ ಪಂಕ್ತಿಯಲ್ಲಿ, ಎಲೆಯ ಪಾಯಸ ಬಳಿಯುತ್ತ:
'ಯಾರನ್ನು ಹಿಡಿದು ಹೋದೆ?'
'ಹುಡುಗಿಯ ಕತ್ತನ್ನು.'
ಬೈಯಲಿಲ್ಲ. ಬೆರಳು ನೆಕ್ಕಿ ಅಂದ,
'ಅದು ಹೆದರಿಕೆಯ ಕಾಲ.
ಖುಷಿಯದೂ ಅಷ್ಟೇ ವೇಗ.
ಕಿವಿಗೆ ಎರಡೂ ಒಂದೇ,
ನುಡಿಸುವವನಿಗೂ ತಿಳಿಯಲ್ಲ.'

ಇವತ್ತು ಬೆಳಗ್ಗೆ ಕೆಳಗಿನ ಮಹಡಿಯಲ್ಲಿ
ಹೊಟ್ಟೆಗೆ ತಣ್ಣನೆ ಜೆಲ್ಲು ಸವರಿ
ಡಾಕ್ಟರಮ್ಮ ಗುಂಡಿ ಒತ್ತಿದರು.
ಗೋಣಿಚೀಲ ಹರಿದು ಸಂತೆಮಾಳದ ತುಂಬ
ತೆಂಗಿನಕಾಯಿ ಉರುಳಿದ ಹಾಗೆ
ದಡದಡದಡ.
ನೂರ ನಲವತ್ತಾರು.
ನನ್ನದು ಕೇಳಿದೆ. ಎಂಬತ್ತೊಂದು.

ಫೋನಿನಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ
ಅಪ್ಪನ ಕಿವಿಗಿಟ್ಟೆ.
ಕಣ್ಣು ಮುಚ್ಚಿದ. ಮಂಚದ ಕಂಬಿಯ ಮೇಲೆ
ಸೂಜಿ ಚುಚ್ಚಿದ ಬಲಗೈ ಬೆರಳು, ಅಂಟಿನ ಗೂಡಿಲ್ಲದೆ,
ಮೆಲ್ಲಗೆ ಆಡತೊಡಗಿದವು.
'ನಾನು ಒಂದನೇ ಕಾಲ, ನೀನು ಎರಡು, ಇದು ಮೂರು.'
'ಲೆಕ್ಕ ಕೂಡಲ್ಲಪ್ಪ. ಎರಡರಷ್ಟೂ ಅಲ್ಲ, ನಾಲ್ಕರಷ್ಟೂ ಅಲ್ಲ.'
'ಕೂಡಿದರೆ ಅದು ಮಿಷಿನ್ನು.'

ಮಿಷಿನ್ನು ನಾಳೆ ಹಾಕುತ್ತಾರೆ,
ಭುಜದ ಎಲುಬಿನ ಕೆಳಗೆ, ಪಟ್ಟಿ ಕೂತ ಕಡೆಯಲ್ಲೇ.
ಬೆಂಕಿಪೊಟ್ಟಣಕ್ಕಿಂತ ಚಿಕ್ಕದಂತೆ.
ಅರವತ್ತಕ್ಕೆ ಇಡುತ್ತಾರಂತೆ.
'ಅರವತ್ತೇ ಯಾಕೆ ಸಾರ್? ಹಾಡು ಯಾವುದು ಅಂತ ನೋಡಬೇಡವಾ?'
'ನಡೆದಾಡಿದರೆ ತಾನೇ ಏರುತ್ತೆ ಯಜಮಾನರೇ.'
'ಹೆದರಿದರೆ?'
ಡಾಕ್ಟರು ಆಗಲೇ ಪಕ್ಕದ ಮಂಚಕ್ಕೆ ಹೋಗಿದ್ದರು.

ಈಗ ರಾತ್ರಿ. ವಾರ್ಡಿನ ದೀಪ ಅರ್ಧ ಆರಿಸಿದ್ದಾರೆ.
ಸ್ಟೂಲಿನ ಮೇಲೆ ಕೂತಿದ್ದೇನೆ.
ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ
ತೊಡೆಯ ಮೇಲೆ ಮೂರು ಬೆರಳು ಎಣಿಸುವಷ್ಟು ಜಾಗ.
ಎಣಿಸುತ್ತೇನೆ.
ಒಳಗಿನದು ಒದೆಯುತ್ತದೆ, ಯಾವ ತಾಳಕ್ಕೂ ಸೇರದೆ.
ತಾಳು, ಅನ್ನುತ್ತೇನೆ.
ಇಬ್ಬರಲ್ಲಿ ಯಾರಿಗೆ ಅಂದೆನೋ.
ನಾನು ಓಡಲಿಲ್ಲ ಅಂತ
ಹೇಳಲಾರೆ.