ಮುಳ್ಳು ಬಿತ್ತುವ ಕ್ರಮ

ವೇಲ್ಸ್‌ನ ಪಡುವಣ ಕರೆ; ಲೌರಿ ಹೇಳಿದ್ದು

ಬೀಜಕ್ಕೆ ಮೊದಲು ಬಿಸಿನೀರು.
ಕುದಿಯುವುದಲ್ಲ, ಬೆರಳದ್ದಿ ತಟ್ಟನೆ ತೆಗೆಯುವಷ್ಟು.
ಒಂದು ರಾತ್ರಿ ನೆನೆಯಲಿ.
ಕಲ್ಲಿನಂಥ ಸಿಪ್ಪೆ; ಸುಮ್ಮನೆ ಬಿತ್ತಿದರೆ
ಮೂವತ್ತು ವರ್ಷ ಮಣ್ಣಲ್ಲೇ ಮಲಗಿದ್ದು
ನಿನ್ನ ಮೊಮ್ಮಗಳ ಕಾಲಿಗೆ ಚುಚ್ಚಲು ಎದ್ದೀತು.

ಮಾರ್ಚಿ ತಿಂಗಳು, ಸಮುದ್ರದ ಗಾಳಿ
ಇನ್ನೂ ಕಿವಿ ಕೊಯ್ಯುತ್ತಿರುವಾಗಲೇ
ದಿಬ್ಬದ ಬೆನ್ನಿಗೆ ಗೀರೆಳೆದು ಉದುರಿಸಬೇಕು.
ಗೊಬ್ಬರ ಬೇಡ.
"ಒಳ್ಳೆ ಮಣ್ಣು ಬಾರ್ಲಿಗೆ, ಕೆಟ್ಟದ್ದು ಐಥಿನ್‌ಗೆ,
ಅದಕ್ಕಿಂತ ಕೆಟ್ಟದ್ದಿದ್ದರೆ ಚರ್ಚಿಗೆ" ಅನ್ನುತ್ತಿದ್ದಳು
ನನ್ನತ್ತೆ ಹೆಲೆದ್, ಭಾನುವಾರ ಮೊದಲ ಸಾಲು ಬಿಡದವಳು.

ಎಲೆ ಹುಡುಕಬೇಡ. ಮುಳ್ಳೇ ಅದರ ಎಲೆ.
ಮೂರನೆಯ ಚಳಿಗಾಲಕ್ಕೆ ಕೈಗೆ ಬರುತ್ತದೆ,
ಕೈಗೆ ಅಂದರೆ ತೊಗಲಿನ ಗವಸಿಗೆ.
ಕವೆಗೋಲಲ್ಲಿ ಅದುಮಿ, ಕುಡುಗೋಲಲ್ಲಿ ಎಳೆದು,
ಕಲ್ಲಿನ ತೊಟ್ಟಿಗೆ ಹಾಕಿ ಕೊಡತಿಯಿಂದ ಜಜ್ಜು.
ಜಜ್ಜು, ಇನ್ನೂ ಜಜ್ಜು,
ಅಂಗೈಯಲ್ಲಿ ಹಿಂಡಿದರೆ
ಒದ್ದೆ ಪಾಚಿಯ ಹಾಗೆ ತೆಪ್ಪಗಿರುವ ತನಕ.
ಆಮೇಲೆ ಕುದುರೆಗೆ ಹುಲ್ಲಿನ ನೆನಪೇ ಬರುವುದಿಲ್ಲ.
ನಮ್ಮ ಸೆರೆನ್‌ಗೆ ಆ ವರ್ಷ ಮೈ ಮಿರಮಿರ ಮಿಂಚಿ
ಮೇಲ್ತುಟಿಗೆ ಮೀಸೆ ಬಂತು.
ಹೆಣ್ಣು ಕುದುರೆಗೆ ಮೀಸೆ! ಪಾದ್ರಿಯೇ ಬಂದು ನೋಡಿದರು.

ಒಲೆಗೂ ಅದೇ. ಹೊತ್ತಿದ್ದೇ ತಡ ಸಿಡಿಮಿಡಿ,
ಜಗಳಗಂಟಿಯ ಹಾಗೆ ಬೇಗ ಕೆಂಪು, ಬೇಗ ತಣ್ಣಗೆ;
ಅಷ್ಟರಲ್ಲಿ ರೊಟ್ಟಿ ಬೆಂದಿರುತ್ತದೆ.
ಬೂದಿ ಬಟ್ಟೆ ಒಗೆಯಲು.
ಒಗೆದ ಬಟ್ಟೆ ಒಣಗಲು ಮತ್ತೆ ಅದರ ಮೈಮೇಲೇ.
ಯಾವ ಬಿರುಗಾಳಿಯೂ ಅದರ ಹಿಡಿತದಿಂದ
ಒಂದು ಕಾಲುಚೀಲ ಕಿತ್ತುಕೊಂಡದ್ದಿಲ್ಲ.

ಹೂವಿನ ಮಾತು ಬೇರೆ.

ಅಣ್ಣ ಡೈನಿಯೋಲ್ ಏಳು ವರ್ಷದ ಮೇಲೆ ಹಡಗಿಳಿದು ಬಂದ.
ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಯಾರೂ ಕೇಳಲಿಲ್ಲ.
ಏಪ್ರಿಲಿನ ಒಂದು ಬಿಸಿಲಿಗೆ ದಿಬ್ಬವೆಲ್ಲ ಹಳದಿ.
ನಾನು ಜಜ್ಜುತ್ತಿದ್ದೆ. ಅವನು ಪೊದೆಗೆ ಮುಖವಿಟ್ಟು
ನಿಂತ, ನಿಂತೇ ಇದ್ದ,
ಕೆನ್ನೆಯಲ್ಲಿ ಮೂರು ಕಡೆ ರಕ್ತ.
"ಲೌರಿ, ಇದು ಆ ಕಾಯಿಯ ವಾಸನೆ."
ಯಾವ ಕಾಯಿ?
"ಮೆಣಸು ತುಂಬಲು ಲಂಗರು ಹಾಕಿದ ಕಡೆ,
ಕೊಂಬೆಯಿಲ್ಲದ ಮರ, ತುದಿಯಲ್ಲಷ್ಟೇ ಕೂದಲು,
ಕೂದಲ ಕೆಳಗೆ ತಲೆಗಳು,
ತಲೆಗೆ ಜುಟ್ಟು, ಜುಟ್ಟಿನಡಿ ಮೂರು ಕಣ್ಣು,
ಒಡೆದರೆ ಸಿಹಿ ನೀರು,
ನೀರಿನ ಸುತ್ತ ಹಿಮದಂಥ ತಿರುಳು.
ಒಬ್ಬ ಹೆಂಗಸು ಹೊಸ್ತಿಲಲ್ಲಿ ಕೂತು ತುರಿಯುತ್ತಿದ್ದಳು.
ಒಂದು ಹಿಡಿ ನನ್ನ ಕೈಗೆ ಹಾಕಿದಳು.
ಆಗ ಐದೂ ಬೆರಳಿದ್ದವು."

ನಾನು ನಕ್ಕುಬಿಟ್ಟೆ. ಮರದ ಮೇಲೆ ತಲೆ, ತಲೆಯೊಳಗೆ ನೀರು!
ಮೀಸೆಯ ಕುದುರೆ ಸಾಕಿದವಳು ನಾನು,
ಇಷ್ಟನ್ನು ನಂಬಬಹುದಿತ್ತು.

ಆಗಸ್ಟಿಗೆ ಕೋಡು ಕಪ್ಪಾಗಿ ಸಿಡಿಯುವ ಕಾಲ,
ಬಿಸಿಲೇರಿದಂತೆ ದಿಬ್ಬವೆಲ್ಲ ಚಟ್ ಚಟ್.
ಹೊರಡುವ ಹಿಂದಿನ ದಿನ ಅವನು ಪೊದೆಯಡಿ ಬಟ್ಟೆ ಹಾಸಿ
ಬಿದ್ದ ಬೀಜ ಆಯ್ದು
ಹೊಗೆಸೊಪ್ಪಿನ ಡಬ್ಬಿಗೆ ತುಂಬಿಕೊಂಡ.
ಆ ಹೆಂಗಸಿಗಂತೆ. ಹಿಡಿಗೆ ಹಿಡಿ.
"ಹೇಳಿಕೊಡು ಅವಳಿಗೆ," ಅಂದೆ, "ಬಿಸಿನೀರು, ಕೆಟ್ಟ ಮಣ್ಣು.
ಒಮ್ಮೆ ಊರಿದರೆ ಹೊರಡು ಅಂದರೂ ಹೊರಡುವುದಿಲ್ಲ,
ಅದನ್ನೂ ಹೇಳು."
ಯಾವ ಭಾಷೆಯಲ್ಲಿ ಹೇಳಿದನೋ. ಹೇಳಿದನೋ ಇಲ್ಲವೋ.
ಕಾಗದ ಬರೆಯುವವನಲ್ಲ.

ಜನವರಿಯಲ್ಲೂ ಎಲ್ಲೋ ಒಂದು ಹೂ ಇದ್ದೇ ಇರುತ್ತದೆ.
ಗವಸು ತೆಗೆದು ಕಿತ್ತು, ಬಿಸಿಯುಸಿರು ಬಿಟ್ಟು ಮೂಸುತ್ತೇನೆ.
ಚಳಿಗೆ ವಾಸನೆ ತಡವಾಗಿ ಬರುತ್ತದೆ.
ಕಣ್ಣು ಮುಚ್ಚಿದರೆ ಹೊಸ್ತಿಲು ಕಾಣುತ್ತದೆ,
ತುರಿಯುವ ಕೈ ಕಾಣುತ್ತದೆ,
ಅವಳ ಮುಖ ಹೇಗಿತ್ತೆಂದು ನಾನು ಕೇಳಿರಲಿಲ್ಲ.
ಆ ಕಾಯಿಗೆ ಮಾತ್ರ, ಎಷ್ಟು ಹೆಣಗಿದರೂ,
ಮೂರು ಕಣ್ಣು ಬಿಟ್ಟ
ನಮ್ಮ ಹೊಲದ ಟರ್ನಿಪ್ಪಿನದೇ ಆಕಾರ.