ಏರು

ಹಳೆಯ ನಕ್ಷೆಯಲ್ಲಿ ಹೊಳೆ ಒಂದು ತುಂಡುತುಂಡು ಗೆರೆ.
ಬರೆದವನು ಬಂದದ್ದು ಬೇಸಿಗೆಯಲ್ಲಿರಬೇಕು,
ಅಂಚಿನಲ್ಲಿ ಅವನದೇ ಕೈಬರಹ: ‘ನೀರಿಲ್ಲ. ಮರಳು.’
ಆಮೇಲೆ ಮರಳೂ ಹೋಯಿತು, ರಾತ್ರಿ ಲಾರಿಗಳಲ್ಲಿ.
ಅದನ್ನು ಯಾವ ನಕ್ಷೆಯೂ ಬರೆದುಕೊಳ್ಳಲಿಲ್ಲ.

ಈಗ ತಿದ್ದುವ ಕೆಲಸ ನನಗೆ ಬಂದಿದೆ.
ಗೌರಿಬಿದನೂರಿನಿಂದ ಬೈಕಿನಲ್ಲಿ ಅರ್ಧ ಗಂಟೆ,
ಹಿಂದೆ ಓಬಳೇಶ, ಅವನ ಹೆಗಲಿಗೆ ಅಳತೆಗೋಲು.
ಕೆಂಪು ಬಿಳಿ ಪಟ್ಟೆ ಕಂಡು ಮಕ್ಕಳು
ರೈಲ್ವೆ ಗೇಟು ಬಂತು ಅಂತ ಓಡಿಬಂದವು.

ನೀರು ಎಲ್ಲಿಯ ತನಕ ಬಂದಿತ್ತು?
ಮೀಟರಿನಲ್ಲಿ ಯಾರೂ ಹೇಳುವುದಿಲ್ಲ.
ಗಂಗುಲಪ್ಪ ಮಂಡಿ ಮುಟ್ಟಿ ತೋರಿಸಿದ,
ಸ್ವಲ್ಪ ಯೋಚಿಸಿ ಕೈ ತೊಡೆಗೇರಿಸಿದ.
ಜೈಬುನ್ನೀಸಾ ಹೇಳಿದ್ದು: ಖಾಲಿ ಸಿಲಿಂಡರು ತೇಲಿತು,
ತುಂಬಿದ್ದು ಗಟ್ಟಿ ಮನುಷ್ಯನ ಹಾಗೆ ಕೂತೇ ಇತ್ತು.
ಮಗ್ಗದ ಮನೆಯಲ್ಲಿ ಗೋಡೆಯೇ ಸಾಕ್ಷಿ:
ನೂಲಿನ ಬಣ್ಣ ನೀರಿಗಿಳಿದು
ಸೊಂಟದೆತ್ತರಕ್ಕೆ ಸುತ್ತ ಒಂದು ಸೀರೆಯಂಚು,
ಎರಡು ಸಲ ಸುಣ್ಣ ಹೊಡೆದರೂ ಮತ್ತೆ ಏಳುವ ಕೆಂಪು.
ನಾನು ಬರೆದುಕೊಂಡೆ: ೦.೯೪.

ನೂರು ವರ್ಷಕ್ಕೊಮ್ಮೆ ಬರುವ ನೆರೆ ಅನ್ನುತ್ತದೆ ಕಾಗದ.
ಒಂದು ಹೋಗಿ ಹನ್ನೊಂದು ತಿಂಗಳಿಗೆ ಇನ್ನೊಂದು ಬಂದಿತ್ತು.
‘ಅಷ್ಟ್ರಲ್ಲೇ ನೂರಾಗೋಯ್ತಾ?’ ಅಂದಳು ಸಂಜೀವಮ್ಮ
ಎಲೆಗೆ ಸುಣ್ಣ ಸವರುತ್ತ. ‘ಅದಕ್ಕೇ ಈ ಮಂಡಿನೋವು.’

ವಿಮೆಯವರ ಲೆಕ್ಕ ಬೇರೆ.
ಗೆರೆಯೊಳಗಿದ್ದರೆ ಕಂತು ದುಪ್ಪಟ್ಟು,
ಆಚೆ ಇದ್ದರೆ ನೆರೆ ಅನ್ನುವ ಮಾತೇ ಪಾಲಿಸಿಯಲ್ಲಿಲ್ಲ.
ಎಂಟು ಮಗ್ಗದ ಅದೆಪ್ಪ ಬಾದಾಮಿ ಹಾಲು ತರಿಸಿದ:
‘ನಮ್ಮನ್ನ ಒಂಚೂರು ಆಚೆ ಇಡಿ ಮೇಡಂ,
ಬ್ಯಾಂಕಿನೋರು ನೋಡ್ತಾರೆ.’
ಪಕ್ಕದ ಶೀಟಿನ ಮನೆಯ ಜೈಬುನ್ನೀಸಾ, ಹೊಸ್ತಿಲಿಂದಲೇ:
‘ನಮ್ಮನ್ನ ಒಳಗೆ ಹಾಕ್ಕೊಳ್ಳಿ. ಹೋದ ಸಲ ಬಿಟ್ಟಿದ್ರಿ.’
ಇಬ್ಬರೂ ನೆರೆಯವರೇ. ನಡುವೆ ಒಂದೇ ಗೋಡೆ.
ನೀರಿಗೆ ಅದೂ ಇರಲಿಲ್ಲ.
ಹಾಲು ಕುಡಿದೆ. ಕುಡಿಯಬಾರದಿತ್ತೇನೋ.

ರಾತ್ರಿ ಲಾಡ್ಜಿನಲ್ಲಿ, ಫ್ಯಾನಿನ ಕಿರ್ರೋ ಸದ್ದಿನ ಕೆಳಗೆ
ಗೆರೆ ಎಳೆದೆ. ಅದು ಸಂಜೀವಮ್ಮನ ಮನೆಯ ಮೇಲೆ ಹಾಯಿತು,
ಅಡುಗೆಮನೆ ಕೆಂಪು, ಮಲಗುವ ಜಾಗ ಹಳದಿ.
ಆಫೀಸಿಗೆ ಫೋನು ಮಾಡಿದರೆ,
‘ಬಾಗಿಲು ಯಾವ ಬಣ್ಣದಲ್ಲಿದೆ ನೋಡಿ, ಅದೇ ಮನೆಯದೂ.’
ಅವಳ ಮನೆಗೆ ಎರಡು ಬಾಗಿಲು.

ಮರುದಿನ ಮೊಬೈಲಿನಲ್ಲಿ ತೋರಿಸಿದೆ.
ಬೆರಳಿನಿಂದ ಪರದೆ ಒರೆಸಿ, ಹೊಳೆಯ ನೀಲಿ ಹುಡುಕಿ,
‘ಇದೇನಾ ನಮ್ಮ ಏರು?’ ಅಂದಳು.
ನಾನು ಶಿರಾ ಕಡೆಯವಳು, ಅರೆಬರೆ ತೆಲುಗು;
ಏರು ಅಂದರೆ ಅವಳಿಗೆ ಹೊಳೆ ಅಂತ
ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು.
ಮದುವೆಯಾಗಿ ಬಂದಾಗಿನಿಂದ
ಬರೀ ಕಲ್ಲು ಮುಳ್ಳಿನ ಆ ಹಳ್ಳವನ್ನು
ದಿನಾ ಕರೆದಿದ್ದಾಳೆ: ಏರು, ಏರು.
ಕನ್ನಡ ಅದಕ್ಕೆ ಅರ್ಥವಾಗಲು
ಅಷ್ಟು ವರ್ಷ ಹಿಡಿಯಿತು.

ಹೆಸರಿನ ಖಾನೆಯಲ್ಲಿ ‘ಉತ್ತರ ಪಿನಾಕಿನಿ’ ಅಂತಲೇ ಇದೆ.
ಎರಡಕ್ಷರ ಸೇರಿಸಲು ಮೇಲಿನವರ ಅನುಮತಿ ಬೇಕು.
ಗೆರೆಯನ್ನು ಮಾತ್ರ ಸಂಜೀವಮ್ಮನ ಮನೆ ಸುತ್ತಿ
ಜೈಬುನ್ನೀಸಾಳದ್ದನ್ನೂ ಹಿಡಿದು ತಂದೆ, ಅಳತೆ ಒಪ್ಪುತ್ತಿತ್ತು.
ಅದೆಪ್ಪನದೂ ಒಳಗೇ ಬಂತು. ಅವನಿಗೆ ಇನ್ನೂ ಹೇಳಿಲ್ಲ.

ಹೊರಡುವಾಗ ಕೋಲು ಕಾಣಲಿಲ್ಲ.
ಓಬಳೇಶ ಬೀಡಿಗೆ ಹೋಗಿದ್ದ, ಗೋಡೆಗೊರಗಿದ ಕೋಲಿಗೆ
ಬೆನ್ನು ಹಚ್ಚಿ ನಿಂತಿತ್ತು ಮಕ್ಕಳ ಸಾಲು.
ಜೈಬುನ್ನೀಸಾಳ ಮೊಮ್ಮಗಳು ಮುಬೀನಾ, ೧.೦೮.
‘ಆವತ್ತು ನಾನು ಎಷ್ಟಿದ್ದೆ ಆಂಟಿ?’
ಗೊತ್ತಿಲ್ಲ ಅಂದೆ.
ಹಳೆಯ ನಕ್ಷೆಯ ಅಂಚಿನಲ್ಲಿ, ‘ನೀರಿಲ್ಲ’ದ ಪಕ್ಕ
ಪೆನ್ಸಿಲಿನಲ್ಲಿ ಬರೆದುಕೊಂಡೆ ಅವಳ ಎತ್ತರ, ತಾರೀಖು,
ಪರೀಕ್ಷೆಯ ದಿನದ ಹಾಗೆ ಅವಳು ಉಸಿರು ಹಿಡಿದು ನಿಂತಿದ್ದಾಗ,
ಹಿಮ್ಮಡಿ ಒಂದಿಷ್ಟು ಎತ್ತಿ.